ಅಮ್ಮ ಓದಲು ಕಲಿತದ್ದು

ತಗಡಿನ ಗೊಂಬೆಗಳು ಆರು ಇರಬೇಕಿತ್ತು, ಒಂದರ ಕಾಲು ಮುರಿದಿತ್ತು, ಆದ್ದರಿಂದ ಕೋಚ್ ಅವನನ್ನು ಕರೆದು ಅದರ ಜಾಗದಲ್ಲಿ ನಿಲ್ಲಿಸಿದ. ಫ್ರೀ ಕಿಕ್ ಅಭ್ಯಾಸ. ಎದುರಾಳಿಗಳು ಕಟ್ಟುವ ಗೋಡೆ ಎಂದು ಭಾವಿಸಿಕೊಳ್ಳಲು ಆಳೆತ್ತರದ ಆ ಹಳದಿ ಆಕೃತಿಗಳನ್ನು ಹುಲ್ಲಿನಲ್ಲಿ ಸಾಲಾಗಿ ನೆಡುತ್ತಾರೆ. ಅವುಗಳ ತಲೆ ಮೇಲಿಂದ ಚೆಂಡನ್ನು ಬಾಗಿಸಿ ಹೊಡೆಯುವುದನ್ನು ಹೊಸಬರು ಕಲಿಯಬೇಕು. ಅವನು ಎರಡು ಗೊಂಬೆಗಳ ನಡುವೆ ಹೋಗಿ ನಿಂತ. ಇದೇನು ದೊಡ್ಡ ವಿಷಯವಲ್ಲ, ಯಾರಾದರೂ ಒಬ್ಬರು ನಿಲ್ಲಲೇಬೇಕಲ್ಲ, ಎಂದು ತನಗೇ ಹೇಳಿಕೊಂಡ. ಆದರೆ ಮೈದಾನದಲ್ಲಿದ್ದ ಇಪ್ಪತ್ತೆರಡು ಜನರಲ್ಲಿ ಅವನನ್ನೇ ಏಕೆ ಕರೆದದ್ದು ಎಂಬ ಪ್ರಶ್ನೆಗೆ ಉತ್ತರ ಅವನಿಗೂ ಗೊತ್ತಿತ್ತು, ಇಪ್ಪತ್ತೊಂದು ಜನಕ್ಕೂ ಗೊತ್ತಿತ್ತು. ಮೂವತ್ತನಾಲ್ಕು ವಯಸ್ಸು, ಎರಡು ಸಲ ಕೊಯ್ದ ಮಂಡಿ, ಮೂರನೇ ದರ್ಜೆಯ ಕ್ಲಬ್ಬು, ತಿಂಗಳ ಕೊನೆಗೆ ಮುಗಿಯುವ ಒಪ್ಪಂದ. ಮುಂದುವರಿಸುತ್ತೇವೆ ಎಂದು ಯಾರೂ ಹೇಳಿಲ್ಲ, ಇಲ್ಲ ಎಂದೂ ಹೇಳಿಲ್ಲ. ಹೊಸ ಋತುವಿನ ಪೋಸ್ಟರಿನಲ್ಲಿ ಮಾತ್ರ ಅವನ ಮುಖ ಇರಬೇಕಾದ ಕಡೆ ಸೋಡಾ ಕಂಪನಿಯ ಜಾಹೀರಾತು ಬಂದಿದೆ. ಮೊದಲ ಚೆಂಡು ತೊಡೆಗೆ ಬಡಿಯಿತು. ಚುರ್ ಎಂದಿತು. ಎರಡನೆಯದು ಮುಖದ ಕಡೆ ಬಂದಾಗ ತಲೆ ತಗ್ಗಿಸಿದ. ‘ಅಲ್ಲಾಡಬೇಡಪ್ಪಾ,’ ಎಂದು ಕೋಚ್ ಕೂಗಿದ, ‘ಗೊಂಬೆ ಎಲ್ಲಾದ್ರೂ ಅಲ್ಲಾಡತ್ತಾ?’ ಎಲ್ಲರೂ ನಕ್ಕರು. ಅವನೂ ನಕ್ಕ. ಕೋಚ್ ಅವನಿಗಿಂತ ಎರಡು ವರ್ಷ ಚಿಕ್ಕವನು. ಒಂದು ಕಾಲದಲ್ಲಿ ಎದುರು ಬದುರು ಆಡಿದವರು. ಅವನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಏಕೆಂದರೆ ಬೆಳಗಿನಿಂದ ಅವನ ತಲೆ ತುಂಬ ಇದ್ದದ್ದು ಇವತ್ತು ಸಂಜೆ ನಾಲ್ಕಕ್ಕೆ ಇರುವ ಅಮ್ಮನ ಕ್ಲಾಸು.

ಅಮ್ಮ ಅರವತ್ತಮೂರನೇ ವಯಸ್ಸಿನಲ್ಲಿ ಈ ದೇಶದ ಭಾಷೆ ಓದಲು ಕಲಿಯುತ್ತಿದ್ದಳು. ಮೂವತ್ತು ವರ್ಷ ಹೋಟೆಲೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಚಾದರಗಳಿಗೆ ಇಸ್ತ್ರಿ ಹಾಕಿದವಳು, ಅಲ್ಲಿ ಮಾತೇ ಬೇಕಿರಲಿಲ್ಲ, ಯಂತ್ರದ ಸದ್ದಿನಲ್ಲಿ ಮಾತು ಕೇಳಿಸುತ್ತಲೂ ಇರಲಿಲ್ಲ. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು, ಕೆಲಸದಿಂದ ನಿವೃತ್ತಳಾಗಿ ಒಂದು. ಪಕ್ಕದ ಮನೆಯವಳು ಯಾರೋ ಸಮುದಾಯ ಭವನದಲ್ಲಿ ವಯಸ್ಕರಿಗೆ ಕ್ಲಾಸಿದೆ ಎಂದದ್ದೇ ತಡ, ಹೋಗಿ ಸೇರಿಕೊಂಡಳು. ‘ಎಷ್ಟು ವರ್ಷ ಅಂತ ನಿನ್ನ ಬಾಯಿ ಬಾಡಿಗೆಗೆ ತಗೊಳ್ಳೋದು,’ ಎಂದು ಅವನೊಡನೆ ನಕ್ಕಿದ್ದಳು. ಮೊದಮೊದಲು ಅವನಿಗೂ ತಮಾಷೆಯಾಗಿತ್ತು. ರಸ್ತೆಯಲ್ಲಿ ನಿಂತು ಅಂಗಡಿ ಬೋರ್ಡುಗಳನ್ನು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುತ್ತಿದ್ದಳು. ಔಷಧಿ ಅಂಗಡಿ ಎಂದು ಓದಿ ಮುಗಿಸಿದಾಗ ಅದನ್ನು ತಾನೇ ಕಟ್ಟಿಸಿದವಳ ಹಾಗೆ ಬೀಗುತ್ತಿದ್ದಳು. ನಿನ್ನೆ ಫೋನ್ ಮಾಡಿದ್ದಳು. ‘ನಾಳೆ ಎಲ್ಲರೂ ಮನೆಯಿಂದ ಏನಾದ್ರೂ ತಂದು ಓದಬೇಕಂತೆ ಕಣೋ. ಒಬ್ಬಳು ಮದುವೆ ಕಾಗದ ತರ್ತಾಳಂತೆ. ನಾನು ನಿನ್ನ ಪೇಪರ್ ಓದ್ತೀನಿ. ಗೋಡೆ ಮೇಲಿರೋದು.’ ‘ಅದ್ಯಾಕಮ್ಮಾ, ಹಳೇದು,’ ಎಂದ. ‘ಹಳೇದಾದ್ರೆ ಏನು, ನೀನು ಹಳಬನಾ?’ ಎಂದಳು. ಹೌದು ಎನ್ನಬೇಕೆನಿಸಿತು.

ಆ ಪುಟಕ್ಕೆ ಹನ್ನೆರಡು ವರ್ಷ. ಆಗ ಅವನು ಮೊದಲ ದರ್ಜೆಯಲ್ಲಿದ್ದ, ಇಪ್ಪತ್ತೆರಡರ ಡಿಫೆಂಡರ್, ವಲಸೆ ಬಂದವರ ಮಕ್ಕಳಲ್ಲಿ ಆ ಕ್ಲಬ್ಬಿಗೆ ಸೇರಿದವರಲ್ಲಿ ಮೊದಲನೆಯವನು. ಋತುವಿನ ಕೊನೆಯ ಪಂದ್ಯ, ಡ್ರಾ ಆಗಿದ್ದರೂ ಸಾಕಿತ್ತು, ಆಟ ಮುಗಿಯಲು ನಾಲ್ಕು ನಿಮಿಷ. ಎಡಗಡೆಯಿಂದ ಬಂದ ಚೆಂಡನ್ನು ಹೊರಗೆ ಹೊಡೆಯಲು ಕಾಲು ಚಾಚಿದ, ಚೆಂಡು ಅವನ ಮೊಣಕಾಲಿಗೆ ತಾಗಿ ಅವನದೇ ಗೋಲಿನ ಒಳಗೆ ಹೋಯಿತು. ಸೆಲ್ಫ್ ಗೋಲ್. ಕ್ಲಬ್ಬು ಎರಡನೇ ದರ್ಜೆಗೆ ಬಿತ್ತು. ಆಮೇಲೆ ಅವನು ಆಡಿದ್ದೆಲ್ಲ ಆ ಮೊಣಕಾಲಿನ ನೆರಳಿನಲ್ಲಿ. ಪೆಟ್ರೋಲ್ ಹಾಕಿಸಲು ನಿಂತರೂ ಯಾರಾದರೊಬ್ಬ ಬಗ್ಗಿ ನೋಡಿ ‘ನೀನು ಅವನೇ ಅಲ್ವಾ?’ ಎನ್ನುತ್ತಿದ್ದ. ಮರುದಿನದ ಪತ್ರಿಕೆ ಇಡೀ ಪುಟ ಅವನ ಚಿತ್ರ ಹಾಕಿತು: ಮಂಡಿಯೂರಿ, ಎರಡೂ ಕೈ ಮೇಲೆತ್ತಿ, ಬಾಯಿ ತೆರೆದು, ಆಕಾಶಕ್ಕೆ ಮುಖ ಮಾಡಿದ್ದಾನೆ. ದುಃಖಕ್ಕೂ ಸಂಭ್ರಮಕ್ಕೂ ಮನುಷ್ಯನ ಮೈ ಒಂದೇ ಭಂಗಿ ಮಾಡುತ್ತದೆಂದು ಅವನಿಗೆ ಅವತ್ತು ತಿಳಿಯಿತು. ಮೇಲೆ ಅಂಗೈ ಅಗಲದ ಅಕ್ಷರಗಳಲ್ಲಿ: ಇವನು ಯಾರ ಕಡೆಯವನು? ಕೆಳಗಿನ ಬರಹದಲ್ಲಿ, ಬೇರೆ ಮಣ್ಣಿನವರನ್ನು ನಂಬಿದರೆ ಹೀಗೇ, ಬಂದಲ್ಲಿಗೇ ಕಳಿಸುವುದು ವಾಸಿ, ಎಂದೆಲ್ಲ ಇತ್ತು, ಸ್ವಲ್ಪ ನಯವಾದ ಮಾತುಗಳಲ್ಲಿ. ಅಮ್ಮ ಪಂದ್ಯ ನೋಡುವವಳಲ್ಲ. ಮಗನ ಕಾಲು ಮುರಿಯುವುದನ್ನು ಕಣ್ಣಾರೆ ನೋಡಲಾರೆ ಎಂದು ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಕೂರುವವಳು. ಮರುದಿನ ಹೋಟೆಲಿನ ಕಸದಬುಟ್ಟಿಯಿಂದ ಆ ಪತ್ರಿಕೆ ಎತ್ತಿಕೊಂಡು ಮನೆಗೆ ಓಡಿಬಂದಳು. ‘ಇಷ್ಟು ದೊಡ್ಡ ಫೋಟೋ! ಗೋಲ್ ಹೊಡೆದ್ಯಾ?’ ಎಂದು ಕೇಳಿದಳು. ಅವನು ರಾತ್ರಿಯೆಲ್ಲ ನಿದ್ದೆ ಇಲ್ಲದೆ ಸೋಫಾದಲ್ಲಿ ಬಿದ್ದಿದ್ದ. ‘ಹ್ಞೂಂ,’ ಎಂದ. ಅಷ್ಟೇ. ಬಸ್ ಡಿಪೋದಲ್ಲಿ ಬಸ್ಸು ತೊಳೆಯುತ್ತಿದ್ದ ಅಪ್ಪ ಆ ವಾರವೇ ಅದಕ್ಕೆ ಚೌಕಟ್ಟು, ಗಾಜು ಹಾಕಿಸಿ ತಂದು ಮೊಳೆ ಹೊಡೆದ. ಡಿಪೋದಲ್ಲಿ ಜನ ಆಡಿಕೊಳ್ಳದೆ ಇದ್ದಿರಲು ಸಾಧ್ಯವೇ ಇಲ್ಲ. ಆದರೆ ಅಪ್ಪ ಏನೂ ಕೇಳಲಿಲ್ಲ. ಊಟಕ್ಕೆ ಕೂರುವಾಗ ಮಾತ್ರ ಆ ಗೋಡೆಗೆ ಬೆನ್ನು ಹಾಕುವ ಕುರ್ಚಿ ತನ್ನದು ಮಾಡಿಕೊಂಡ.

ಮನೆಗೆ ಬಂದ ನೆಂಟರಿಗೆಲ್ಲ ಅಮ್ಮ ಮೊದಲು ತೋರಿಸುತ್ತಿದ್ದದ್ದು ಅದನ್ನೇ. ಓದಲು ಬಾರದವರು ಕೈ ಮುಗಿಯುವುದೊಂದು ಬಾಕಿ. ಓದಬಲ್ಲವರು ಓದಿ, ಉಗುಳು ನುಂಗಿ, ಅವನ ಮುಖ ನೋಡಿ, ‘ಫೋಟೋ ಚೆನ್ನಾಗಿ ಬಂದಿದೆ’ ಎನ್ನುತ್ತಿದ್ದರು. ಹನ್ನೆರಡು ವರ್ಷದಲ್ಲಿ ಒಬ್ಬರೂ, ಒಬ್ಬರೆಂದರೆ ಒಬ್ಬರೂ, ಅವಳಿಗೆ ಹೇಳಲಿಲ್ಲ. ನಮ್ಮ ಜನ ಇಂಥದ್ದರಲ್ಲಿ ಎಷ್ಟು ಒಳ್ಳೆಯವರು ಎಂದು ಅವನಿಗೆ ಅಸಹ್ಯವಾಗುತ್ತಿತ್ತು. ಹಾಗೆ ನೋಡಿದರೆ ಅವನ ನಿಜವಾದ ವೃತ್ತಿ ಫುಟ್‌ಬಾಲ್ ಅಲ್ಲ. ಏಳು ವರ್ಷದವನಿದ್ದಾಗಿನಿಂದ ಅಪ್ಪ ಅಮ್ಮನ ನಡುವೆ ಕುರ್ಚಿ ಹಾಕಿಕೊಂಡು ಕೂತು ದೊಡ್ಡವರ ಮಾತನ್ನು ಆ ಕಡೆಯಿಂದ ಈ ಕಡೆಗೆ ದಾಟಿಸುವುದೇ ಅವನ ಕೆಲಸ. ಪರವಾನಗಿ ಕಚೇರಿ, ಬಾಡಿಗೆ ಮನೆಯ ಮಾಲೀಕ, ವಿದ್ಯುತ್ ಕಂಪನಿ. ಶಾಲೆಯ ಟೀಚರು ಅವನೆದುರೇ ‘ನಿಮ್ಮ ಮಗ ಯಾವ ಪಾಠದಲ್ಲೂ ಗಮನ ಕೊಡುವುದಿಲ್ಲ, ಪಕ್ಕದವರನ್ನು ಒದೆಯುತ್ತಾನೆ’ ಎಂದಾಗ ಅವನು ಅಮ್ಮನ ಕಡೆ ತಿರುಗಿ, ‘ನಾನು ಚೆನ್ನಾಗಿ ಓಡ್ತೀನಂತೆ,’ ಎಂದಿದ್ದ. ಅಮ್ಮ ಟೀಚರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಟೀಚರು ಕಕ್ಕಾಬಿಕ್ಕಿಯಾದರು. ಅವನಿಗೆ ಭಯಕ್ಕಿಂತ ಹೆಚ್ಚಾಗಿ ಒಂದು ಬಗೆಯ ಮತ್ತೇರಿತ್ತು: ಇಡೀ ದೇಶವನ್ನು ಅಮ್ಮನಿಗೆ ಅವನು ತನಗೆ ಬೇಕಾದ ಹಾಗೆ ತೋರಿಸಬಹುದಿತ್ತು. ಬೈದವರನ್ನು ಹೊಗಳಿದವರನ್ನಾಗಿ, ಬಾಗಿಲು ಹಾಕಿದವರನ್ನು ‘ನಾಳೆ ಬನ್ನಿ’ ಎಂದವರನ್ನಾಗಿ ಮಾಡಬಹುದಿತ್ತು. ಮಾಡಿದ. ಅಮ್ಮ ಈ ಊರನ್ನು ಒಳ್ಳೆಯವರ ಊರು ಎಂದು ನಂಬಿ ಮೂವತ್ತು ವರ್ಷ ಬಾಳಿದಳು.

ಅಭ್ಯಾಸ ಮುಗಿದದ್ದೇ ಸ್ನಾನವನ್ನೂ ಮಾಡದೆ ಅಮ್ಮನ ಮನೆಗೆ ಗಾಡಿ ಓಡಿಸಿದ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಮೊದಲ ಮಹಡಿಗೇ ಮಂಡಿ ಕಟಕಟ ಎನ್ನತೊಡಗಿತು. ಹೇಗಾದರೂ ಮಾಡಿ ಆ ಪುಟ ತಪ್ಪಿಸಬೇಕು, ಅಥವಾ ಹೇಳಿಬಿಡಬೇಕು. ಹೇಳಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ, ಹನ್ನೆರಡು ವರ್ಷದ ಹಳೇ ಗೋಲು. ಆದರೆ ಅವಳು ಅದನ್ನು ಹದಿನೈದು ಜನರೆದುರು ತಾನೇ ಓದಿ ತಾನೇ ತಿಳಿಯುವುದಿದೆಯಲ್ಲ, ಅದನ್ನು ಮಾತ್ರ ಆಗಗೊಡಬಾರದು. ಮೆಟ್ಟಿಲು ಹತ್ತುತ್ತ ಮಾತು ಜೋಡಿಸಿಕೊಂಡ: ಅಮ್ಮಾ, ಒಂದು ವಿಷಯ ಇದೆ. ಅಮ್ಮಾ, ನಗಬೇಡ. ಬಾಗಿಲು ತೆರೆದೇ ಇತ್ತು. ಅಮ್ಮ ಚೌಕಟ್ಟನ್ನು ಗೋಡೆಯಿಂದ ಇಳಿಸಿ, ಊಟದ ಮೇಜಿನ ಮೇಲೆ ಟವೆಲ್ ಹಾಸಿ ಮಲಗಿಸಿ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಗಾಜಿನ ಮೇಲೆ ಬೆರಳಿಟ್ಟು ಕೂತಿದ್ದಳು. ಪಕ್ಕದಲ್ಲಿ ಗೆರೆ ಹಾಕಿದ ನೋಟ್‌ಬುಕ್ಕು, ಚೂಪು ಮಾಡಿದ ಎರಡು ಪೆನ್ಸಿಲ್. ಹೋಟೆಲಿನಲ್ಲಿ ಮೇಲ್ವಿಚಾರಕಿ ಬರುವ ದಿನ ಉಡುತ್ತಿದ್ದ ಒಳ್ಳೆಯ ಬಟ್ಟೆ ತೊಟ್ಟಿದ್ದಳು. ಗೋಡೆಯಲ್ಲಿ ಚೌಕಟ್ಟಿದ್ದ ಜಾಗ ಸುತ್ತಲಿನ ಬಣ್ಣಕ್ಕಿಂತ ಬೆಳ್ಳಗಿತ್ತು.

‘ಬಂದ್ಯಾ? ಸರಿಯಾದ ಹೊತ್ತಿಗೆ ಬಂದೆ. ಕೂತ್ಕೋ. ಇದೇನು ಹೀಗೆ ಬೆವರು ನಾತ?’ ಎಂದಳು. ಅವನು ಮಾತು ತೆಗೆಯುವ ಮೊದಲೇ, ‘ಸುಮ್ನಿರು, ಒಂದು ಸಲ ಕೇಳು,’ ಎಂದು ದೊಡ್ಡ ಅಕ್ಷರಗಳ ಮೇಲೆ ಬೆರಳೋಡಿಸಿ, ಒಂದೊಂದೇ ಸದ್ದು ಕೂಡಿಸಿ, ತಲೆಬರಹವನ್ನು ಓದಿದಳು. ಕೇರಿಗೆಲ್ಲ ಕೇಳುವ ಹಾಗೆ ಓದಿದಳು. ಮೈದಾನದಲ್ಲಿ ಮೂವತ್ತು ಸಾವಿರ ಜನ ಕೂಗಿದಾಗಲೂ ಆ ಮಾತು ಅವನಿಗೆ ಇಷ್ಟು ಸ್ಪಷ್ಟವಾಗಿ ಕೇಳಿರಲಿಲ್ಲ. ‘ಸರೀನಾ?’ ‘ಸರಿ ಅಮ್ಮ.’ ‘ಓದೋಕೆ ಬಂತು ನೋಡು! ಅರ್ಥ ಬರಲ್ಲ, ಅದಕ್ಕೆ ನೀನಿದೀಯ. ಆದ್ರೆ ಈ ಒಂದು ಪದ ನಂಗೊತ್ತು. “ಯಾರು.” ಮೊದಲನೇ ಪಾಠ. ಇವರು ಯಾರು, ಇವರು ನನ್ನ ಮಗ.’ ಬೆರಳು ಆ ಪದದ ಮೇಲೆ ಕುಟ್ಟಿತು. ‘ಯಾಕೋ “ಯಾರು” ಅಂತ ಹಾಕಿದಾರೆ?’

ಈಗ ಹೇಳಬೇಕು, ಈಗಲೇ, ಎಂದುಕೊಂಡ. ಅವಳ ಕಣ್ಣು ಕನ್ನಡಕದ ಮೇಲಿಂದ ಅವನನ್ನೇ ನೋಡುತ್ತಿತ್ತು, ಪರೀಕ್ಷೆಗೆ ಹೊರಟವರ ಕಣ್ಣು. ‘ಯಾರಪ್ಪಾ ಈ ಹುಡುಗ, ಅಂತ,’ ಎಂದ. ‘ಆಶ್ಚರ್ಯ ಪಟ್ಟು ಕೇಳೋದು. ಯಾರಿವನು, ಎಲ್ಲಿಂದ ಬಂದ, ಅಂತ.’ ಆ ಕೊನೆಯ ಮಾತು ಪೂರಾ ಸುಳ್ಳೂ ಅಲ್ಲವಲ್ಲ ಎಂದು ಒಳಗೇ ಒಬ್ಬ ಲಾಯರು ಎದ್ದು ನಿಂತ. ಆ ಲಾಯರನ್ನು ಕಂಡರೆ ಅವನಿಗಾಗದು. ಅಮ್ಮ ಅರಳಿಬಿಟ್ಟಳು. ‘ಯಾರು ಅಂತ ಕೇಳೋದೇನು! ನನ್ನ ಮಗ ಅಂತ ಹೇಳ್ತೀನಿ ಇವತ್ತು, ಅವರ ಭಾಷೇಲೇ ಹೇಳ್ತೀನಿ.’ ಪೆನ್ಸಿಲ್ ನಾಲಿಗೆಗೆ ತಾಗಿಸಿ ನೋಟ್‌ಬುಕ್ಕಿನಲ್ಲಿ ನಮ್ಮ ಲಿಪಿಯಲ್ಲಿ ಬರೆದುಕೊಂಡಳು. ಆಮೇಲೆ ಕೆಳಗಿನ ಬರಹ. ಒಂದು ಪದ ಓದುವಳು, ಮುಖ ನೋಡುವಳು. ಅವನು ಒಂದು ಅರ್ಥ ಕೊಡುವನು. ‘ನಾಚಿಕೆ’ ಎಂಬುದಕ್ಕೆ ಹೆಮ್ಮೆ ಎಂದ. ‘ಸೆಲ್ಫ್ ಗೋಲ್’ ಎಂಬುದಕ್ಕೆ ಒಬ್ಬನೇ ಹೊಡೆದ ಗೋಲು ಎಂದ. ‘ಕಳಿಸಿ’ ಎಂಬುದಕ್ಕೆ ತುಂಬ ಹೊತ್ತು ಏನೂ ಹೊಳೆಯದೆ, ಆಶೀರ್ವಾದ ಎಂದ. ಅವಳು ಎಲ್ಲವನ್ನೂ ಗುಂಡಗೆ, ಗೆರೆ ತಪ್ಪದ ಹಾಗೆ ಬರೆದುಕೊಂಡಳು. ‘ಅಮ್ಮಾ, ಗಾಜು ಒಡೆದೀತು, ಬೇರೆ ಪೇಪರ್ ತಗೊಂಡು ಹೋಗು. ಡಬ್ಬದಲ್ಲಿ ಎಷ್ಟೊಂದಿವೆ,’ ಎಂದ ಕಡೆಗೆ. ‘ಅವೆಲ್ಲ ಗುಲಗಂಜಿಯಷ್ಟು ಫೋಟೋ. ಇದರಷ್ಟು ದೊಡ್ಡದು ನಿಂಗೆ ಮತ್ತೆ ಬಂತೇನೋ?’ ಎಂದಳು. ಬರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಸಮುದಾಯ ಭವನದ ತನಕ ಚೌಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ತುಟಿ ಅಲ್ಲಾಡಿಸುತ್ತ ಬಂದಳು. ಅವಳನ್ನು ಇಳಿಸಿ ಹೊರಟುಬಿಡಬೇಕೆಂದಿದ್ದವನು ಗಾಡಿ ನಿಲ್ಲಿಸಿ, ಹತ್ತು ನಿಮಿಷ ಸ್ಟೇರಿಂಗಿಗೆ ಹಣೆ ಒತ್ತಿ ಕೂತು, ಒಳಗೆ ಹೋದ. ಕಾರಿಡಾರಿನಲ್ಲಿ ಫಿನೈಲ್ ವಾಸನೆ. ಕ್ಲಾಸಿನ ಬಾಗಿಲಿಗೆ ಎದೆಮಟ್ಟದಿಂದ ಮೇಲೆ ಗಾಜು. ಪಕ್ಕಕ್ಕೆ ಒರಗಿ ನಿಂತರೆ ಒಳಗಿನದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಮಕ್ಕಳ ಡೆಸ್ಕುಗಳಲ್ಲಿ ದೊಡ್ಡವರು ಮಂಡಿ ಮಡಚಿ ಕೂತಿದ್ದರು. ಅಮ್ಮನ ಸರದಿ ಬಂದಾಗ ಅವಳು ಚೌಕಟ್ಟನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು ಸುತ್ತ ತಿರುಗಿದಳು, ಆಮೇಲೆ ಮೇಜಿನ ಮೇಲೆ ನಿಲ್ಲಿಸಿಕೊಂಡು ಓದತೊಡಗಿದಳು. ಟೀಚರಮ್ಮನ ಮುಖವನ್ನು ಅವನು ನೋಡುತ್ತಲೇ ಇದ್ದ. ನಗು ತುಟಿಯ ಮೇಲೆ ಹಾಗೇ ನಿಂತಿತ್ತು, ಕಣ್ಣು ಮಾತ್ರ ಎಲ್ಲಿಗೋ ಹೋಯಿತು. ಹಿಂದಿನ ಸಾಲಿನವನೊಬ್ಬ ಬಾಯಿಗೆ ಕೈ ಅಡ್ಡ ಹಿಡಿದ. ಬಾಗಿಲು ತಳ್ಳಬೇಕು, ಒಳಗೆ ಹೋಗಬೇಕು, ಅಮ್ಮಾ ನಿಲ್ಲಿಸು ಎನ್ನಬೇಕು. ಕೈ ಬಾಗಿಲ ಹಿಡಿಯ ಮೇಲೆ ಇತ್ತು. ಅಮ್ಮ ನೋಟ್‌ಬುಕ್ಕು ತೆರೆದು ಅವನು ಕೊಟ್ಟ ಅರ್ಥಗಳನ್ನು ಕಲಿತಷ್ಟು ಪದಗಳಲ್ಲಿ, ಕೈಸನ್ನೆಯಲ್ಲಿ ಹೇಳುತ್ತಿರಬೇಕು, ಒಂದೊಂದಕ್ಕೂ ಬೆರಳು ಮಡಚುತ್ತಿದ್ದಳು. ಕೊನೆಗೆ ಎದೆ ಮೇಲೆ ಕೈಯಿಟ್ಟುಕೊಂಡು ಒಂದು ವಾಕ್ಯ ಹೇಳಿದಳು. ಮೊದಲನೇ ಪಾಠದ ವಾಕ್ಯ. ಟೀಚರಮ್ಮ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು, ಹಿಂದಿನ ಸಾಲಿನವನೂ ತಟ್ಟಿದ. ಇಲ್ಲೂ ಒಳ್ಳೆಯ ಜನ, ಎಂದುಕೊಂಡ. ಪಾರಾದೆ ಎನಿಸಿದ ಆ ಕ್ಷಣದಲ್ಲಿ ಅವನಿಗೆ ತನ್ನ ಮೇಲೆ ಬಂದಷ್ಟು ಹೇಸಿಗೆ ಜೀವಮಾನದಲ್ಲಿ ಬಂದಿರಲಿಲ್ಲ.

ಅಮ್ಮನ ಪಕ್ಕದಲ್ಲಿ ಒಬ್ಬ ಗಾರೆಯವನು ಕೂತಿದ್ದ, ಕೆಲಸದಿಂದ ನೇರ ಬಂದವನು, ತೋಳಿನ ಮೇಲೆ ಇನ್ನೂ ಸಿಮೆಂಟಿತ್ತು. ಬೇರೆ ಯಾವುದೋ ದೇಶದವನು, ಅಮ್ಮನ ಭಾಷೆ ಅವನಿಗೆ ಬಾರದು, ಅವನದು ಇವಳಿಗೆ ಬಾರದು. ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದು ಸುಮ್ಮನಿರಲಾರದವನ ಮುಖ. ಅವನು ಅಂಗೈಯಗಲದ ಚಿತ್ರಗಳ ಡಿಕ್ಷನರಿ ತೆಗೆದು, ಪುಟ ತಿರುವಿ, ಅಮ್ಮನ ಮುಂದೆ ಹಿಡಿದು, ಪಾಪ, ಸಹಾಯ ಮಾಡುವ ಉತ್ಸಾಹದಿಂದ ಬೆರಳಿಟ್ಟು ತೋರಿಸಿದ. ಆಮೇಲೆ ಇನ್ನೊಂದು ಪುಟ. ಆಮೇಲೆ ತನ್ನ ಕೈಯನ್ನೇ ಚೆಂಡು ಮಾಡಿ, ತನ್ನ ಎದೆಗೇ ಹೊಡೆದುಕೊಂಡು ತೋರಿಸಿದ. ಅಮ್ಮ ಪುಸ್ತಕವನ್ನು ಅವನ ಕೈಯಿಂದ ತೆಗೆದುಕೊಂಡು ಕನ್ನಡಕಕ್ಕೆ ಹತ್ತಿರ ಹಿಡಿದು ತಾನೇ ಓದಿದಳು. ಬೆರಳು ಸಾಲಿನ ಕೊನೆಯ ತನಕ ಹೋಗಿ, ಮತ್ತೆ ಮೊದಲಿಗೆ ಬಂದು, ಮತ್ತೆ ಹೋಯಿತು. ಪುಸ್ತಕ ಮುಚ್ಚಿ ಹಿಂದಕ್ಕೆ ಕೊಟ್ಟಳು, ತಲೆಬಾಗಿ ವಂದನೆ ಹೇಳಿದಳು. ನೋಟ್‌ಬುಕ್ಕು ಎಳೆದುಕೊಂಡು, ರಬ್ಬರಿನಿಂದ ಒಂದೊಂದಾಗಿ ಅಳಿಸಲು ಶುರುಮಾಡಿದಳು. ಬಾಗಿಲಾಚೆ ನಿಂತಿದ್ದ ಮಗ ಗಾಡಿಗೆ ವಾಪಸು ಹೋಗಿ ಕೂತ.

ಕ್ಲಾಸು ಬಿಟ್ಟ ಮೇಲೆ ಅವಳು ಎಲ್ಲರಿಗಿಂತ ಕೊನೆಗೆ ಬಂದಳು. ಚೌಕಟ್ಟನ್ನು ಹಿಂದಿನ ಸೀಟಿನಲ್ಲಿಟ್ಟು ಮುಂದೆ ಬಂದು ಕೂತು ಬೆಲ್ಟ್ ಹಾಕಿಕೊಂಡಳು. ಗಾಡಿ ಎರಡು ತಿರುವು ಕಳೆಯಿತು. ‘ನಮ್ಮ ಕಡೆಗೇ ಹೊಡಕೊಳ್ಳೋದಂತೆ, ಅಲ್ವಾ?’ ಎಂದಳು ಕಡೆಗೆ. ‘ಹೌದಮ್ಮ.’ ‘ಅಷ್ಟು ವರ್ಷ ಗೋಡೆ ಮೇಲೆ ಹಾಕಿಟ್ಟಿದ್ದೆ. ನಿನಗೆ ಎಷ್ಟು ಕಷ್ಟ ಆಗಿರಬೇಕು, ದಿನಾ ನೋಡೋಕೆ.’ ಅವನು ಗೇರು ಬದಲಿಸಿದ. ‘ಹೋಗ್ಲಿ ಬಿಡು. ಆಟ ತಾನೆ. ಯಾರಿಗಾದ್ರೂ ಆಗತ್ತೆ,’ ಎಂದು ಅವನ ನೋವಿರುವ ಮಂಡಿಯ ಮೇಲೆ ಕೈಯಿಟ್ಟಳು. ಹನ್ನೆರಡು ವರ್ಷದ ಹೊರೆ ಯಾರೋ ಕೆಳಗಿಳಿಸಿದ ಹಾಗಾಯಿತು. ಇಷ್ಟೇನಾ, ಇಷ್ಟಕ್ಕೇನಾ ಇಷ್ಟೆಲ್ಲ, ಎಂದು ಅಳುವೂ ನಗುವೂ ಒಟ್ಟಿಗೆ ಬಂತು. ಎಲ್ಲವನ್ನೂ ಹೇಳಿಬಿಡಬೇಕೆನಿಸಿತು, ತಗಡಿನ ಗೊಂಬೆಯಾಗಿ ನಿಂತದ್ದು, ತಿಂಗಳ ಕೊನೆಗೆ ಕೆಲಸ ಹೋಗುವುದು. ‘ಅಮ್ಮಾ, ತಪ್ಪಾಯ್ತು,’ ಎಂದ.

ಅಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು. ಬೋರ್ಡುಗಳು ಹಾದುಹೋಗುತ್ತಿದ್ದವು, ಈ ಸಲ ಯಾವುದನ್ನೂ ಓದಲಿಲ್ಲ. ಆಸ್ಪತ್ರೆಯ ಮುಂದಿನ ಸಿಗ್ನಲ್‌ನಲ್ಲಿ ಗಾಡಿ ನಿಂತಿತು.

‘ಒಂದು ಮಾತು ಕೇಳ್ತೀನಿ. ಸರಿಯಾಗಿ ಹೇಳು,’ ಎಂದಳು. ‘ನಿಮ್ಮಪ್ಪನ ವಿಷಯ ಡಾಕ್ಟ್ರು ಅವತ್ತು ಏನಂದ್ರು?’

ಆ ಸಣ್ಣ ರೂಮು, ಮೂರು ಕುರ್ಚಿ, ನಡುವಿನದು ಅವನದು. ಡಾಕ್ಟರು ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳಿದ್ದರು. ಅವನು ಎಡಕ್ಕೆ ತಿರುಗಿ ಅಪ್ಪನಿಗೆ, ಬಲಕ್ಕೆ ತಿರುಗಿ ಅಮ್ಮನಿಗೆ, ‘ಮಾತ್ರೆ ತಗೊಂಡ್ರೆ ಸರಿಹೋಗತ್ತಂತೆ, ಸ್ವಲ್ಪ ದಿನ ಬೇಕಂತೆ,’ ಎಂದಿದ್ದ. ಇನ್ನೆರಡು ದಿನ ಬಿಟ್ಟು ನಿಜ ಹೇಳೋಣ ಎಂದುಕೊಂಡಿದ್ದ. ಹನ್ನೊಂದು ವಾರದಲ್ಲಿ ಅಪ್ಪ ಹೋದ.

‘ಮೂರು ತಿಂಗಳು ಅಂದ್ರು,’ ಎಂದ.

ಅಮ್ಮ ತಲೆಯಾಡಿಸಿದಳು, ಲೆಕ್ಕ ಸರಿಹೋಯಿತೆನ್ನುವ ಹಾಗೆ. ದೀಪ ಹಸಿರಾಯಿತು, ಹಿಂದಿನವನು ಹಾರ್ನ್ ಹೊಡೆದ, ಅವನು ಗಾಡಿ ಮುಂದೆ ಬಿಟ್ಟ.

‘ಒಂದಿನ ಬೆಳಿಗ್ಗೆ ನಿಮ್ಮಪ್ಪ, ಇವತ್ತು ಕೆಲಸಕ್ಕೆ ಹೋಗಬೇಡ ಕಣೇ, ಮನೇಲಿರೇ ಅಂದ್ರು,’ ಎಂದಳು ಅಮ್ಮ. ‘ನಾನು, ಹೇಗೂ ಹುಷಾರಾಗ್ತೀರಲ್ಲ, ಸುಮ್ನೆ ಯಾಕೆ ರಜಾ ದಂಡ ಅಂತ ಹೇಳಿ, ಚಪ್ಪಲಿ ಮೆಟ್ಕೊಂಡು ಹೊರಟುಹೋದೆ.’